ನನ್ನ ಬೆನ್ನಿನ ಅಳತೆಯ ಫ್ರೇಮು

ನಾನು ಕುಳ್ಳಿ. ಐದಡಿ ಅಂತ ಹೇಳಿಕೊಳ್ಳುತ್ತೇನೆ, ಅದರಲ್ಲೂ ಸ್ವಲ್ಪ ಚಪ್ಪಲಿಯದು. ಬೆಟ್ಟ ಹತ್ತುವವರಿಗೆಂದು ಬ್ಯಾಗು ಮಾಡುವ ಜನಕ್ಕೆ ನನ್ನಂಥವಳೊಬ್ಬಳು ಇದ್ದಾಳೆಂದು ತೊಂಬತ್ತರ ದಶಕದಲ್ಲಿ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ‘ಆ ಹುಡುಗಿ ಯಾಕೆ ಬೆಟ್ಟ ಹತ್ತಬೇಕು’ ಎಂದೇ ಕೇಳುತ್ತಿದ್ದರು. ನಮ್ಮ ಮನೆಯಲ್ಲಿ ಕೇಳಿದ ಹಾಗೆ.

ಆಗ ನಾನು ಡಿಗ್ರಿಯ ಕೊನೆಯ ವರ್ಷದಲ್ಲಿದ್ದೆ. ಗುಬ್ಬಿಯಿಂದ ದಿನಾ ಬಸ್ಸಿನಲ್ಲಿ ತುಮಕೂರಿನ ಕಾಲೇಜಿಗೆ ಹೋಗಿಬರುತ್ತಿದ್ದೆ. ಕಾಲೇಜಿನಲ್ಲಿ ಚಾರಣದ ಗುಂಪೊಂದಿತ್ತು. ಅದನ್ನು ನೋಡಿಕೊಳ್ಳುತ್ತಿದ್ದ ಮೇಷ್ಟ್ರು ಬೇಸಿಗೆ ರಜೆಯಲ್ಲಿ ಕೆಲವರನ್ನು ಹಿಮಾಲಯಕ್ಕೆ ಕರೆದುಕೊಂಡು ಹೋಗುವವರಿದ್ದರು. ಷರತ್ತು ಒಂದೇ: ಅವರವರ ಭಾರ ಅವರವರೇ ಹೊತ್ತು ಕುಣಿಗಲ್ ಕಡೆಯ ಹುಲಿಯೂರುದುರ್ಗದ ಬೆಟ್ಟ ಹತ್ತಿ ಇಳಿಯಬೇಕು. ಹತ್ತಿದವರು ಹಿಮಾಲಯಕ್ಕೆ, ಹತ್ತದವರು ಮನೆಗೆ. ನನಗೆ ಹೋಗಲೇಬೇಕಿತ್ತು. ಹಿಮ ನೋಡಬೇಕಿತ್ತು, ಅಷ್ಟೇ. ಹಿಮ ನೋಡಲು ದೊಡ್ಡ ಕಾರಣ ಬೇಕು ಅಂತ ನನಗೆ ಆಗಲೂ ಅನ್ನಿಸಿರಲಿಲ್ಲ, ಈಗಲೂ ಅನ್ನಿಸಿಲ್ಲ.

ನನ್ನ ಪಾಲಿಗೆ ಬಂದದ್ದು ಸೀನಿಯರ್ ಒಬ್ಬ ಓದು ಮುಗಿಸಿ ಬಿಟ್ಟುಹೋದ ಹಳೆಯ ಬ್ಯಾಗು. ಎರಡು ಉದ್ದನೆಯ ಅಲ್ಯೂಮಿನಿಯಂ ಪೈಪು, ನಡುವೆ ಏಣಿಯ ಹಾಗೆ ಅಡ್ಡಪಟ್ಟಿಗಳು, ಅದಕ್ಕೆ ಕಟ್ಟಿದ ನೈಲಾನ್ ಚೀಲ. ಕೈಯಲ್ಲೆತ್ತಿದರೆ ಹಗುರ. ಆದರೆ ಬಿಟ್ಟುಹೋದವನು ಬಿದಿರುಗಳುವಿನಂತಿದ್ದವನು. ಬ್ಯಾಗಿನ ತುದಿ ನನ್ನ ತಲೆಯ ಮೇಲೆ ಹೋಗುತ್ತಿತ್ತು, ಕೆಳಗಿನ ಪೈಪು ಹೆಜ್ಜೆಹೆಜ್ಜೆಗೂ ತೊಡೆಯ ಹಿಂಭಾಗಕ್ಕೆ ಬಡಿಯುತ್ತಿತ್ತು, ಸೊಂಟಕ್ಕೆ ಕಟ್ಟುವ ಪಟ್ಟಿ ಸೊಂಟ ಬಿಟ್ಟು ಬೇರೆಲ್ಲಾ ಕಡೆ ಇರುತ್ತಿತ್ತು. “ನೀನು ಬ್ಯಾಗ್ ಹೊತ್ಕೊಂಡಿಲ್ಲ ಕಣೇ, ಬ್ಯಾಗೇ ನಿನ್ನ ಹೊತ್ಕೊಂಡು ಹೋಗ್ತೈತೆ” ಎಂದು ಹುಡುಗರು ನಗುತ್ತಿದ್ದರು. ದೇವರಾಯನದುರ್ಗ ಹತ್ತುವಾಗ ಭುಜದ ಪಟ್ಟಿ ಕೊರೆದು ರಕ್ತ ಹೆಪ್ಪುಗಟ್ಟಿತು. ಮೇಷ್ಟ್ರು ನೋಡಿ, “ಪಾಪ, ಆಯಮ್ಮನ ಬ್ಯಾಗ್ ಯಾರಾದ್ರೂ ಇಸ್ಕೊಳ್ರಪ್ಪಾ” ಎಂದರು. ಆ ‘ಪಾಪ’ ಕೇಳಿ ನನಗೆ ಹೊತ್ತ ಭಾರಕ್ಕಿಂತ ಹೆಚ್ಚು ಉರಿಯಿತು. ಬ್ಯಾಗು ಸರಿಯಿಲ್ಲ ಅನ್ನುವುದು ಬಿಟ್ಟು ಹುಡುಗಿ ಸರಿಯಿಲ್ಲ ಅಂದರೆ ಯಾರಿಗೆ ಉರಿಯುವುದಿಲ್ಲ?

ಮನೆಗೆ ಬಂದವಳೇ ಬ್ಯಾಗನ್ನು ಬಿಚ್ಚಿ ಹಾಕಿದೆ. ಭಾರವೆಲ್ಲ ಭುಜದ ಮೇಲೆ ಬೀಳುತ್ತಿರುವುದೇ ತಪ್ಪು ಅನ್ನುವುದು ನನಗೆ ಗೊತ್ತಾಗಿತ್ತು. ನೀರಿನ ಬಿಂದಿಗೆಯನ್ನು ಯಾವ ಹೆಂಗಸೂ ಭುಜಕ್ಕೆ ನೇತುಹಾಕಿಕೊಳ್ಳುವುದಿಲ್ಲ. ಸೊಂಟದ ಮೂಳೆಯ ಮೇಲೆ ಕೂರಿಸಿಕೊಳ್ಳುತ್ತಾಳೆ. ಈ ಪಟ್ಟಿಯೂ ಅಲ್ಲೇ ಕೂರಬೇಕು. ಅಂದರೆ ಫ್ರೇಮು ಮೋಟಾಗಬೇಕು. ಸೀಮೆಸುಣ್ಣದಲ್ಲಿ ಗುರುತು ಹಾಕಿ, ಹಿತ್ತಿಲ ಒಗೆಯುವ ಕಲ್ಲಿನ ಮೇಲಿಟ್ಟು, ಆಕ್ಸಾ ಬ್ಲೇಡಿನಲ್ಲಿ ಎರಡೂ ಪೈಪುಗಳ ಬುಡ ಕುಯ್ದೆ. ಕುಯ್ಯುವಾಗ ಪೈಪು ಅಲುಗಾಡದಂತೆ ಹಿಡಿದುಕೊಂಡವರು ಅಪ್ಪ. “ಇದೇನವ್ವಾ ಇದು ಏಣಿ?” ಎಂದು ಕೇಳಿದರು. ಇಂಥದ್ದು ಅಂತ ಹೇಳಿದೆ. ಹುಲಿಯೂರುದುರ್ಗ, ಹಿಮಾಲಯ, ಎಲ್ಲವನ್ನೂ ಹೇಳಿದೆ. ಹೂಂ ಹೂಂ ಎಂದರು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಆ ಫ್ರೇಮು ಏನು, ಯಾರದು ಅನ್ನುವುದು ಅವರಿಗೆ ಗೊತ್ತಿರಲಿಲ್ಲ ಅನ್ನುವ ಹಾಗೇ ಇಲ್ಲ.

ಅಪ್ಪನದು ಗುಬ್ಬಿಯಲ್ಲಿ ಬೀಜ, ಗೊಬ್ಬರದ ಅಂಗಡಿ. ಚೀಲ ಹೊಲಿಯುವ ದಬ್ಬಳ, ಹುರಿ ಅಲ್ಲಿಂದಲೇ ತಂದೆ. ಅಜ್ಜಿಯ ಮಂಚದ ಹಳೆಯ ನವಾರನ್ನು ಎರಡು ಪದರ ಮಾಡಿ, ಒಳಗೆ ಹರಿದ ಸೋಫಾದ ಸ್ಪಂಜು ತುರುಕಿ ಸೊಂಟದ ಪಟ್ಟಿ ಹೊಲಿದೆ. ಭುಜದ ಪಟ್ಟಿ ಸಿಕ್ಕಿಸುವ ಜಾಗವನ್ನು ಒಂದು ಅಡ್ಡಪಟ್ಟಿ ಕೆಳಕ್ಕೆ ಇಳಿಸಿದೆ. ಆ ಕಾಲದಲ್ಲಿ ಮನೆಮನೆಯಲ್ಲೂ ಹೆಂಗಸರು ಬಣ್ಣದ ಪ್ಲಾಸ್ಟಿಕ್ ವೈರಿನಲ್ಲಿ ಬುಟ್ಟಿ ಹೆಣೆಯುತ್ತಿದ್ದರಲ್ಲ, ಅದೇ ವೈರಿನಲ್ಲಿ ಫ್ರೇಮಿನ ನಡುವೆ ಅಗಲವಾಗಿ ಹೆಣೆದೆ. ಬೆನ್ನಿಗೆ ಪೈಪು ತಾಗುವುದು ನಿಂತಿತು, ಗಾಳಿಯೂ ಆಡಿತು. ಮೂರು ಸಲ ಬಿಚ್ಚಿ ಮೂರು ಸಲ ಹೊಲಿದೆ. ರಾಗಿ ತುಂಬಿಕೊಂಡು ಕೆರೆಯ ಏರಿಯ ಮೇಲೆ ನಡೆದೆ. “ಏನವ್ವಾ, ಗ್ಯಾಸ್ ಸಿಲಿಂಡ್ರು ಬೆನ್ಮೇಲೇ ತಂದ್ಬುಟ್ಯಾ?” ಎಂದು ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದವರು ಕೇಳಿದರು. ಒಂದು ಸಂಜೆ ಪಟ್ಟಿ ಬಿಗಿದು ಎದ್ದು ನಿಂತಾಗ ಭುಜದ ಮೇಲಿನ ಭಾರ ಇದ್ದಕ್ಕಿದ್ದಂತೆ ಹೋಯಿತು. ಪಟ್ಟಿಯ ಕೆಳಗೆ ಬೆರಳು ತೂರಿಸಿ ನೋಡಿದೆ, ಸಲೀಸಾಗಿ ಹೋಯಿತು. ರಾಗಿ ಪೂರ್ತಿ ಸೊಂಟದ ಮೇಲೆ ಕೂತಿತ್ತು. ಏರಿಯ ಮೇಲೆ ಒಬ್ಬಳೇ ನಗುತ್ತಾ ನಿಂತುಬಿಟ್ಟೆ. ನನ್ನ ಮೈಯ ಅಳತೆಗೆಂದೇ ಮಾಡಿದ ವಸ್ತು, ರವಿಕೆ ಬಿಟ್ಟರೆ, ನನಗೆ ಅದೇ ಮೊದಲು.

ಹುಲಿಯೂರುದುರ್ಗಕ್ಕೆ ಇನ್ನೊಂದು ವಾರ ಇರುವಾಗ ಅಮ್ಮ, “ಭಾನ್ವಾರ ಹುಡುಗನ ಕಡೇರು ಬರ್ತವ್ರೆ. ಬರೀ ನೋಡ್ಕೊಂಡು ಹೋಗ್ತಾರೆ ಬುಡು” ಎಂದಳು. ರೇಷ್ಮೆ ಸೀರೆ ತರಲೆಂದು ಶನಿವಾರ ನನ್ನನ್ನು ಹೆಬ್ಬೂರಿನ ಚಿಕ್ಕಮ್ಮನ ಮನೆಗೆ ಕಳಿಸಿದರು. ನಾನು ಚೀಲವನ್ನು ಒಗೆದು ಒಣಗಲು ಹಾಕಿ, ಫ್ರೇಮನ್ನು ಬಾಗಿಲ ಹಿಂದಿನ ಮೊಳೆಗೆ ತಗುಲಿಸಿ ಹೋದೆ. ಭಾನುವಾರ ಬೆಳಿಗ್ಗೆ ವಾಪಸ್ ಬಂದವಳಿಗೆ ಆ ಬಾಗಿಲ ಹಿಂದೆ ನೋಡಲೂ ಬಿಡುವಿರಲಿಲ್ಲ. ಜಡೆ, ಹೂವು, ಸೀರೆ, ಕೇಸರಿಬಾತು.

ಕುಣಿಗಲ್‌ನಿಂದ ಏಳೆಂಟು ಜನ ಬಂದರು. ಅವತ್ತು ಕ್ರಿಕೆಟ್ ಮ್ಯಾಚಿತ್ತು. ಹುಡುಗನಿಂದ ಹಿಡಿದು ಹುಡುಗನ ಮಾವನವರೆಗೆ ಎಲ್ಲರ ಕಣ್ಣೂ ಟಿವಿಯ ಮೇಲೆ. ನಮ್ಮ ಟಿವಿಯೋ, ಕೋತಿಗಳು ಆಂಟೆನಾ ಮುರಿದು ಹಾಕಿದಾಗಿನಿಂದ ಬರೀ ಚುಕ್ಕೆ ತೋರಿಸುತ್ತಿತ್ತು. ಅವತ್ತು ನೋಡಿದರೆ ಆಟಗಾರರ ಮೂಗು, ಬಾಯಿ ಕೂಡ ಕಾಣುತ್ತಿವೆ! ನಾನು ಕಾಫಿ ತಟ್ಟೆ ಹಿಡಿದು ಬಗ್ಗಿದ್ದಾಗ ಹುಡುಗನ ಮಾವ, “ಏನ್ ಸ್ವಾಮಿ, ನಮ್ ಕುಣಿಗಲ್ನಾಗೂ ಇಷ್ಟ್ ಕ್ಲಿಯರಾಗಿ ಬರಲ್ಲ. ಯಾವ್ ಆಂಟೆನಾ?” ಎಂದರು.

ಅಪ್ಪ ಹಿಗ್ಗಿ, “ಅಂಗ್ಡೀದಲ್ಲ. ಮನೇಲೇ ಅಲ್ಯೂಮಿನಿಯಂ ಪೈಪ್ ಬಿದ್ದಿದ್ವು. ನಮ್ ಹುಡುಗ ನಿನ್ನೆ ಒಂದ್ ಗಂಟೇಲಿ ಮಾಡ್ಬುಟ್ಟ” ಎಂದರು. ಅಣ್ಣ ಗೋಡೆಗೊರಗಿ ನಾಚಿಕೊಂಡು ನಕ್ಕ.

ಬಿದ್ದಿದ್ದವು! ನಾನು ತಟ್ಟೆಯನ್ನು ಅಲ್ಲೇ ನೆಲದ ಮೇಲಿಟ್ಟೆ. ಹಿತ್ತಿಲಿಗೆ ಹೋಗಿ, ಚಿಕ್ಕಮ್ಮನ ರೇಷ್ಮೆ ಸೀರೆಯನ್ನು ಎತ್ತಿ ಕಟ್ಟಿ, ಏಣಿ ಹತ್ತಿದೆ. ಮಾಳಿಗೆಯ ಮೇಲೆ ಬಿದಿರುಗಳುವಿನ ತುದಿಯಲ್ಲಿ ನನ್ನ ಫ್ರೇಮು ಆಕಾಶ ನೋಡಿಕೊಂಡು ಮಲಗಿತ್ತು. ಒಂದು ಉದ್ದದ ಪೈಪನ್ನು ನಡುವಿಗೆ ಕುಯ್ದಿದ್ದರು. ಅಲ್ಲಲ್ಲಿ ಸ್ಕ್ರೂ ಹೊಡೆಯಲು ತೂತು. ನಾನು ಹೆಣೆದಿದ್ದ ವೈರನ್ನು ಕತ್ತರಿಸಿ ಮೂಲೆಗೆ ಎಸೆದಿದ್ದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಕಣ್ಣಲ್ಲಿ ನೀರು ಬಂದಿತ್ತು, ಆದರೆ ಅದು ದುಃಖದ್ದಲ್ಲ. ಕೈಗೆ ಏನಾದರೂ ಸಿಕ್ಕಿದ್ದರೆ ಆ ಟಿವಿಯ ಮೇಲೇ ಹಾಕುತ್ತಿದ್ದೆ.

ಗಳು ಇಳಿಸಿ ಕಟ್ಟುಕಂಬಿ ಬಿಚ್ಚತೊಡಗಿದೆ. ಕೆಳಗೆ ಹುಯಿಲೆದ್ದಿತು. ಮಾಳಿಗೆಯ ಮೇಲೆ ಯಾರಿದ್ದಾರೆಂದು ಯಾರೂ ಬಂದು ನೋಡಲಿಲ್ಲ. ಆ ಕಾಲದ ಅಭ್ಯಾಸದಂತೆ ಕೂತಲ್ಲಿಂದಲೇ ಕೂಗಿದರು: “ಹೋಯ್ತು, ಹೋಯ್ತು! ವಸಿ ಎಡಕ್ಕೆ ತಿರುಗ್ಸು!” “ಏಯ್, ಬಲಕ್ಕೆ ಕಣ್ಲಾ!” “ಹಾಂ, ಬಂತು ಬಂತು... ಅಯ್ಯೋ, ಮತ್ತೆ ಹೋಯ್ತು!” ನನ್ನನ್ನು ನೋಡಲೆಂದೇ ಕುಣಿಗಲ್‌ನಿಂದ ಬಂದ ಗಂಡು ಕೂಡ, “ಅಲ್ಲೇ ಹಿಡ್ಕೊಂಡಿರಿ, ಅಲ್ಲಾಡ್ಬೇಡಿ” ಎಂದು ಕೂಗಿದ್ದು ಕೇಳಿಸಿತು. ನಾನು ಅಲ್ಲಾಡಿದೆ.

ಫ್ರೇಮಿನ ತುಂಡುಗಳನ್ನು ಹೊತ್ತು ನಡುಮನೆಯ ಮಧ್ಯದಿಂದಲೇ ನಡೆದುಹೋದೆ. ಟಿವಿ ಭರ್ರೆನ್ನುತ್ತಿತ್ತು. ಅಪ್ಪ ಎದ್ದು ನಿಂತು ಕೇಳಿದ ಮಾತು ನನಗೆ ಸಾಯುವವರೆಗೂ ಮರೆಯುವುದಿಲ್ಲ. “ಅದು ನಿಂದಾ?” ಎಂದರು. ಬೈಯಲಿಲ್ಲ, ನಿಜವಾಗಿ ಕೇಳಿದರು. ತಮ್ಮ ಕೈಯಲ್ಲೇ ಹಿಡಿದುಕೊಂಡಿದ್ದ ಪೈಪು ಅವರ ಕಣ್ಣಿಗೆ ಮಗಳದ್ದಾಗಿ ಕಂಡೇ ಇರಲಿಲ್ಲ. ಕದ್ದಿದ್ದರೆ ಕ್ಷಮಿಸುತ್ತಿದ್ದೆನೇನೋ. ಕದಿಯಬೇಕಾದರೆ ಅದು ಇನ್ನೊಬ್ಬರದು ಅಂತ ಗೊತ್ತಿರಬೇಕು.

“ನಂದು. ಮುಂದಿನ್ ಭಾನ್ವಾರ ಬೆಟ್ಟ ಹತ್ತೋದಕ್ಕೆ ಬೇಕು” ಎಂದೆ.

ಹುಡುಗ ನಕ್ಕ. “ಮದ್ವೆ ಆದ್ಮೇಲೂ ಬೆಟ್ಟ ಹತ್ತೋ ಪ್ಲಾನ್ ಐತಾ?”

“ಐತೆ.”

ಅವರು ಕಾಫಿ ಕುಡಿದು ಹೋದರು. ಊರಿಗೆ ಹೋಗಿ ತಿಳಿಸುತ್ತೇವೆಂದರು, ತಿಳಿಸಲಿಲ್ಲ. ಆ ವಾರ ಮನೆಯಲ್ಲಿ ಯಾರೂ ನನ್ನ ಜೊತೆ ಮಾತಾಡಲಿಲ್ಲ. ಅದರಿಂದ ಅನುಕೂಲವೇ ಆಯಿತು. ಕುಯ್ದ ಪೈಪಿನೊಳಗೆ ಬಿಗಿಯಾಗಿ ಕೂರುವ ಹಾಗೆ ಬಿದಿರು ಕೆತ್ತಿ ಎರಡೂ ತುಂಡುಗಳನ್ನು ಸೇರಿಸಿದೆ. ಅವರು ಹೊಡೆದಿದ್ದ ತೂತುಗಳಲ್ಲೇ ಸ್ಕ್ರೂ ಹಾಕಿ, ಮೇಲೆ ಸೈಕಲ್ ಟ್ಯೂಬಿನ ಪಟ್ಟಿ ಎಳೆದೆಳೆದು ಸುತ್ತಿದೆ. ಅಣ್ಣ ಒಂದು ಸಲ ಬಂದು, “ನಾನ್ ಹಿಡ್ಕಳ್ಳಾ?” ಎಂದ. “ಮುಟ್ಟಿದ್ರೆ ಕೈ ಕಡೀತೀನಿ” ಎಂದೆ. ಮತ್ತೆ ವೈರು ತಂದು ಹೆಣೆದೆ. ಮನೆಯಲ್ಲಿ ಉಳಿದಿದ್ದ ಬಣ್ಣ ಹಳದಿಯೊಂದೇ.

ಹುಲಿಯೂರುದುರ್ಗದಲ್ಲಿ ಬಂಡೆಯ ಕಡಿದಾದ ಜಾಗ ಬಂದಾಗ ಮೇಷ್ಟ್ರು ಅಭ್ಯಾಸಬಲದಿಂದ, “ಆಯಮ್ಮನ ಬ್ಯಾಗ್...” ಎಂದು ಶುರುಮಾಡಿದರು. “ಬೇಡ ಸಾರ್” ಎಂದೆ. ಸೇರಿಸಿದ್ದ ಪೈಪು ಒಂದೊಂದು ಹೆಜ್ಜೆಗೂ ಕಿರುಗುಟ್ಟಿತು, ಮುರಿಯಲಿಲ್ಲ. ಭಾರ ಸೊಂಟ ಬಿಟ್ಟು ಕದಲಲಿಲ್ಲ. ಹತ್ತಿದೆ, ಇಳಿದೆ. ಇಬ್ಬರು ಹುಡುಗರು ಅರ್ಧದಲ್ಲೇ ಬ್ಯಾಗು ಇಳಿಸಿ ಕೂತಿದ್ದರು. ಅವರಿಗೆ ಯಾರೂ ಪಾಪ ಅನ್ನಲಿಲ್ಲ.

ಹಿಮಾಲಯಕ್ಕೆ ಹೊರಡುವ ದಿನ ಅಪ್ಪ ಬಾಗಿಲಲ್ಲಿ ನಿಂತು, “ಹೋಗೋದಾದ್ರೆ ವಾಪಸ್ ಬರ್ಬೇಡ” ಎಂದರು. ಅಮ್ಮ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಮಕ್ಕಳಿಗೆ ಮನೆಪಾಠ ಹೇಳಿ ಕೂಡಿಟ್ಟ ದುಡ್ಡು ನನ್ನ ಹತ್ತಿರವೇ ಇತ್ತು. ನಾನು ಅಪ್ಪನನ್ನು ಒರಸಿಕೊಂಡೇ ದಾಟಿ ಹೋದೆ. ಹಿಮ ನೋಡಿದೆ. ವಾಪಸ್ಸೂ ಬಂದೆ. ಅಮ್ಮ ಬಾಗಿಲು ತೆಗೆದಳು. ಆರು ತಿಂಗಳು ಅಪ್ಪ ನನ್ನನ್ನು ಗೋಡೆಯ ಹಾಗೆ ನೋಡಿದರು. ಆಮೇಲೆ ಒಂದು ದಿನ ಉಪ್ಪಿನಕಾಯಿ ಕೇಳಿದರು. ರಾಜಿ ಅಂದರೆ ಅಷ್ಟೇ.

ಮುಂದೆ ನಾನು ಮೇಡಂ ಆದೆ, ತುಮಕೂರಿನ ಮರಳೂರಿನಲ್ಲಿ ಮನೆ ಮಾಡಿದೆ, ಬಿಡುವು ಸಿಕ್ಕಾಗೆಲ್ಲ ಬೆಟ್ಟ ಹತ್ತಿದೆ. ಎರಡು ಸಾವಿರದ ಇಸವಿ ದಾಟಿ ಹದಿನೇಳೆಂಟು ವರ್ಷವಾದ ಮೇಲೆ ಅಣ್ಣನ ದೊಡ್ಡ ಮಗಳಿಗೂ ಈ ಹುಚ್ಚು ಹತ್ತಿತು. ಅವಳು ನನ್ನಷ್ಟೇ ಕುಳ್ಳಿ. ಅಷ್ಟರಲ್ಲಿ ಬೆನ್ನಿನ ಉದ್ದಕ್ಕೆ ತಕ್ಕಂತೆ ಪಟ್ಟಿ ಏರಿಸಿ ಇಳಿಸುವ ಬ್ಯಾಗುಗಳು ಬಂದಿದ್ದವು. ಕಾಲೇಜಿನವರು ಹಿಮಾಲಯಕ್ಕೆ ಕರೆದರು. ಅಣ್ಣ ಕಡ್ಡಿ ಮುರಿದ ಹಾಗೆ ಬೇಡ ಎಂದ. ನಾನು ಜಗಳಕ್ಕೆ ತಯಾರಾಗಿಯೇ ಗುಬ್ಬಿಗೆ ಹೋದೆ. ಎಷ್ಟೋ ವರ್ಷದಿಂದ ಒಟ್ಟುಮಾಡಿಟ್ಟ ಮಾತೆಲ್ಲ ನಾಲಿಗೆಯ ತುದಿಯಲ್ಲಿತ್ತು.

ನಾನು ಬಾಯಿ ತೆಗೆಯುವ ಮೊದಲೇ ಅಪ್ಪ ಕುರ್ಚಿಯಿಂದ ಅಣ್ಣನಿಗೆ ಹೇಳಿದರು: “ಏನ್ಲಾ ನೀನು, ಈಗಿನ್ ಕಾಲದಾಗೂ ಹೆಣ್ಮಗೂನ ತಡೀತೀಯಾ? ಆ ಕಾಲದಾಗೇ ನಾನು ನಿನ್ ತಂಗೀನ ಧೈರ್ಯವಾಗಿ ಕಳಿಸ್ಲಿಲ್ವಾ?”

ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಅಪ್ಪ ಸುಳ್ಳು ಹೇಳುತ್ತಿರಲಿಲ್ಲ, ನಂಬಿಕೊಂಡಿದ್ದರು. ಅಣ್ಣ ನನ್ನ ಮುಖ ನೋಡಿದ. ಅವನಿಗೆ ಎಲ್ಲಾ ನೆನಪಿತ್ತು. ಆದರೆ ಅಪ್ಪ ತಡೆದಿದ್ದರು ಅಂತ ಹೇಳಹೊರಟರೆ, ಆ ವಾರ ತಾನು ಏನು ಮಾಡಿದ್ದೆ ಅನ್ನುವುದನ್ನೂ ಮಗಳೆದುರಿಗೆ ಹೇಳಬೇಕಿತ್ತು. “ಆಯ್ತು, ಹೋಗ್ಲಿ ಬುಡು” ಎಂದ. ನಾನು ಹಲ್ಲು ಕಚ್ಚಿಕೊಂಡು ಕೂತೆ. ಹುಡುಗಿ ಕುಣಿದು ಹೋಗಿ ತಾತನ ಕಾಲಿಗೆ ಬಿದ್ದಳು.

ಹೊರಡುವ ದಿನ ಅವಳನ್ನು ತುಮಕೂರಿಗೆ ನಾನೇ ಕರೆದುಕೊಂಡು ಬಂದೆ. ಬಸ್ಸಿನಲ್ಲಿ ಬ್ಯಾಗನ್ನು ಮಡಿಲಲ್ಲಿ ಇಟ್ಟುಕೊಂಡು ಕೇಳಿದಳು: “ಅತ್ತೆ, ನಿಜವಾಗ್ಲೂ ತಾತನೇ ನಿಮ್ಮನ್ನ ಕಳ್ಸಿದ್ರಾ?”

“ಇಲ್ಲ ಕಣೇ. ಯಾರೂ ಕಳಿಸ್ಲಿಲ್ಲ. ನಾನೇ ಹೋದೆ. ನೀನ್ ವಾಪಸ್ ಬಂದ್ಮೇಲೆ ಎಲ್ಲಾರ್ ಮುಂದೆ ಹೇಳ್ತೀನಿ. ಅಲ್ಲೀವರ್ಗೂ ಬಾಯ್ ಮುಚ್ಕೊಂಡಿರು.”

ಅವಳು ಹೋಗಿ ಬಂದಳು. ನಾನು ಇನ್ನೂ ಹೇಳಿಲ್ಲ. ಅವಳ ತಂಗಿ ಈಗ ಎಂಟನೇ ಕ್ಲಾಸು. ಅವಳು ಹೊರಡುವಾಗಲೂ ಅಪ್ಪ ಆ ಮಾತು ಹೇಳಬೇಕಲ್ಲ.