ಮಡಿಯಲ್ಲಿ ಮುಟ್ಟಿದ ಪೈಪು

ಅಕ್ಕನ ಎರಡು ಕಿಡ್ನಿಗಳೂ ಕೆಟ್ಟು ಎರಡು ವರ್ಷವಾಗಿತ್ತು. ಹೊಳೆನರಸೀಪುರದಿಂದ ವಾರಕ್ಕೆರಡು ಸಲ ಮೈಸೂರಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರುತ್ತಿದ್ದಳು. ಅದಕ್ಕಾಗಿ ಆಪರೇಷನ್ ಮಾಡಿ ರಕ್ತನಾಳ ಜೋಡಿಸಿದ್ದ ಜಾಗ ಎಡಗೈಯಲ್ಲಿ ಮುಚ್ಚಿಹೋಯಿತು, ಆಮೇಲೆ ಬಲಗೈಯಲ್ಲೂ.

"ಇನ್ನು ಹೊಟ್ಟೆಯೊಂದೇ ದಾರಿ," ಎಂದರು ಡಾಕ್ಟರು.

ಹೊಕ್ಕುಳ ಕೆಳಗೆ ಸಣ್ಣದಾಗಿ ಕೊಯ್ದು ಮೆತ್ತನೆಯ ಪೈಪೊಂದನ್ನು ಒಳಗಿಟ್ಟರು. ದಿನಕ್ಕೆ ನಾಲ್ಕು ಸಲ ಅದಕ್ಕೆ ಚೀಲ ಜೋಡಿಸಿ ಹೊಟ್ಟೆಗೆ ದ್ರವ ತುಂಬಬೇಕು, ಕೆಲವು ಗಂಟೆ ಬಿಟ್ಟು ಇಳಿಸಬೇಕು. ಮನೆಯಲ್ಲೇ ಮಾಡಬಹುದು. ಸೋಂಕು ತಗಲಿದರೆ ಪೈಪು ಉಳಿಯುವುದು ಕಷ್ಟ ಎಂದು ಎಚ್ಚರಿಸಿದ್ದರು.

ಅಕ್ಕ-ಭಾವನಿಗೆ ಮಕ್ಕಳಿರಲಿಲ್ಲ. ಚೀಲ ಬದಲಿಸುವುದನ್ನು ಭಾವ ಕಲಿತರು. ಅವರು ದೇವಸ್ಥಾನದ ಅರ್ಚಕರು. ನರ್ಸ್ ಹೇಳಿದ್ದನ್ನೆಲ್ಲ ಬರೆದುಕೊಂಡಿದ್ದರು: ಫ್ಯಾನ್ ಆರಿಸಬೇಕು, ಮಾಸ್ಕ್ ಕಟ್ಟಬೇಕು, ಸೋಪು ಹಚ್ಚಿ ಕೈ ತೊಳೆದು, ಒರೆಸಿ, ಆಮೇಲೆ ಮುಟ್ಟಬೇಕು.

ನಾನು ಆಗ ಹಾಸನದಲ್ಲಿ ಪತ್ರಿಕೆಯೊಂದರ ವರದಿಗಾರ. ಒಂದು ಭಾನುವಾರ ಅಕ್ಕನ ಮನೆಗೆ ಹೋದಾಗ ಭಾವ ಬಾವಿಯ ತಣ್ಣೀರು ಸುರಿದುಕೊಂಡು, ಮೇಲೆ ಒಣಗಿದ್ದ ಮಡಿಪಂಚೆಯನ್ನು ಕೋಲಿನಿಂದ ಇಳಿಸಿ ಉಟ್ಟು, ಅಕ್ಕನ ಕೋಣೆಗೆ ಹೋದರು. ನಾನು ಹೊಸ್ತಿಲಾಚೆ ನಿಂತೆ. ಬಸ್ಸಿನಲ್ಲಿ ಬಂದ ಬಟ್ಟೆ, ಮೈಲಿಗೆ. ತಾಮ್ರದ ಚೊಂಬಿನ ನೀರಲ್ಲಿ ಮತ್ತೊಮ್ಮೆ ಕೈ ತೊಳೆದ ಅವರು, ಹಾಗೇ ಒದ್ದೆ ಕೈಯಲ್ಲಿ ಪೈಪಿನ ಮುಚ್ಚಳ ತೆಗೆದರು.

"ಭಾವ, ಸೋಪು?"

"ಮಡೀಲಿದ್ದೀನಯ್ಯ. ಇದಕ್ಕಿಂತ ಶುದ್ಧ ಇನ್ನೇನು ಬೇಕು? ಆ ಮಾಸ್ಕು ಯಾರ್ಯಾರು ಮುಟ್ಟಿದ್ದೋ!"

ಅಕ್ಕ ನಕ್ಕಳು. "ಇವನಿಗೆ ನಮ್ಮನೇಲೂ ಪ್ರೆಸ್‌ಮೀಟು."

ನಾನೂ ನಕ್ಕು ಸುಮ್ಮನಾದೆ. ಆಸ್ಪತ್ರೆಯ ವಾರ್ಡಿಗಿಂತ ಆ ಕೋಣೆ ಚೊಕ್ಕಟವಾಗಿಯೇ ಕಂಡಿತ್ತು.

ಗುರುವಾರ ಇಳಿಸಿದ ದ್ರವ ಅಕ್ಕಿ ತೊಳೆದ ನೀರಿನಂತಿತ್ತು. ಜ್ವರ, ಹೊಟ್ಟೆ ಮುಟ್ಟಲಾಗದಷ್ಟು ನೋವು. ಫೋನು ಬಂದೊಡನೆ ನಾನು ಹಾಸನದಿಂದ ಬಂದೆ; ಕಾರು ಮಾಡಿಕೊಂಡು ಮೈಸೂರಿಗೆ ಹೋದೆವು. ಭಾವ ಏನನ್ನೂ ಮುಚ್ಚಿಡದೆ ನರ್ಸಿಗೆ ಹೇಳಿದರು. ಆಕೆ ಅರಕಲಗೂಡು ಕಡೆಯವರು.

"ಅಯ್ಯೋ ಸ್ವಾಮಿ, ಮಡಿ ಅಂದ್ರೆ ಜನ ದೂರ ಓಯ್ತಾರೆ. ಕ್ರಿಮಿ ಓಯ್ತದಾ?"

ಭಾವ ತಲೆ ತಗ್ಗಿಸಿದರು. ನನ್ನ ಕಡೆ ನೋಡಲಿಲ್ಲ.

ಐದು ದಿನ ಔಷಧ ಕೊಟ್ಟರೂ ದ್ರವ ತಿಳಿಯಾಗಲಿಲ್ಲ. ಪೈಪು ತೆಗೆದರು. ಕುತ್ತಿಗೆಗೆ ಇನ್ನೊಂದು ಪೈಪು ಹಾಕಿ ಮತ್ತೆ ಯಂತ್ರಕ್ಕೆ ಜೋಡಿಸಿದರು. ಅದು ತಾತ್ಕಾಲಿಕ, ಬಹಳ ಕಾಲ ಇಡುವಂತಿಲ್ಲ. ಹೊಟ್ಟೆ ವಾಸಿಯಾದ ಮೇಲೆ ಇನ್ನೊಮ್ಮೆ ಪ್ರಯತ್ನಿಸೋಣ ಎಂದರು ಡಾಕ್ಟರು.

"ನಾನಿನ್ನು ಮುಟ್ಟೋದಿಲ್ಲ," ಎಂದರು ಭಾವ.

"ಇನ್ಯಾರು ಮುಟ್ತಾರೆ?" ಎಂದಳು ಅಕ್ಕ. "ನರ್ಸಮ್ಮ, ಇವರಿಗೆ ಕೈ ತೊಳೆಯೋದು ಕಲಿಸಿ."

ಕಲಿತರು. ಡಯಾಲಿಸಿಸ್‌ಗೆ ಬಂದಾಗಲೆಲ್ಲ ವಾರ್ಡಿನ ನಲ್ಲಿಯಡಿ ನಿಂತು, ಬೆರಳಿನ ಚರ್ಮ ಏಳುವವರೆಗೆ ಸೋಪು ತಿಕ್ಕಿದರು. "ಈಗ ಪಾಸು ಕಣ್ ಸ್ವಾಮಿ," ಎಂದು ನರ್ಸ್ ಒಂದು ದಿನ ಬೆನ್ನು ತಟ್ಟಿದರು. ಭಾವ ಸರಿದು ನಿಲ್ಲಲಿಲ್ಲ.

ಆರು ವಾರದ ಮೇಲೆ ಹೊಟ್ಟೆಗೆ ಎರಡನೆಯ ಆಪರೇಷನ್. ನಾವು ಅಂದುಕೊಂಡದ್ದಕ್ಕಿಂತ ಬೇಗ ಡಾಕ್ಟರು ಹೊರಗೆ ಬಂದರು. ಸೋಂಕಿನಿಂದ ಒಳಗೆಲ್ಲ ಅಂಟಿಕೊಂಡಿದೆ, ದ್ರವ ನಿಲ್ಲಲು ಜಾಗವೇ ಇಲ್ಲ, ಪೈಪು ಇಡದೆ ಹೊಲಿಗೆ ಹಾಕಿದ್ದೇನೆ ಎಂದರು.

ಸಂಜೆ ಎಚ್ಚರವಾದಾಗ ಅಕ್ಕ ಹೊಟ್ಟೆಯ ಮೇಲೆ ಕೈಯಾಡಿಸಿ ನೋಡಿಕೊಂಡಳು. ಆಮೇಲೆ ಡಾಕ್ಟರನ್ನು ಕೇಳಿದಳು, "ಕುತ್ತಿಗೇದು ಎಷ್ಟು ದಿನ ಬರುತ್ತೆ?"

ಡಾಕ್ಟರು ಭಾವನನ್ನು ಹೊರಗೆ ಕರೆದರು.