ಅಪ್ಪನ ಅಮೃತಶಿಲೆಯ ಕಣ್ಣು

ಆ ಶಿಲ್ಪಿಯ ಮೇಲೆ ನನಗೆ ಮೊದಲಿನಿಂದಲೂ ಅನುಮಾನ. ಅವರು ಬೊಂಬಾಯಿಯಲ್ಲಿ ಗ್ರೀಕರ ರೀತಿಯ ಶಿಲ್ಪ ಕಲಿತು ಬಂದು ಅಜ್ಜಂಪುರದ ಸ್ಟೇಷನ್ ಹತ್ತಿರ ಶೆಡ್ಡು ಹಾಕಿಕೊಂಡಿದ್ದರು. ತೀರಿಹೋದ ಅಪ್ಪನ ಫೋಟೋ ಕೊಟ್ಟು, ಎದೆಮಟ್ಟದ ಅಮೃತಶಿಲೆಯ ಮೂರ್ತಿ ಮಾಡಿಸಲು ಅವ್ವ ಹಟ ಹಿಡಿದಳು. ನಾನು ನೋಡಲು ಹೋದಾಗಲೆಲ್ಲ ಅವರು ಜೇಡಿಮಣ್ಣಿನ ಮಾದರಿಗೆ ಒದ್ದೆ ಬಟ್ಟೆ ಹೊದಿಸಿಬಿಡುತ್ತಿದ್ದರು. ಮಣ್ಣು ಒಣಗಿ ಬಿರಿಯಬಾರದಂತೆ. ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದೇ ನಾನು ತಿಳಿದೆ.

ಮೂರ್ತಿ ತರೀಕೆರೆಯ ನಮ್ಮ ಮನೆಗೆ ಬಂತು. ಮೂಗು, ತುಟಿ, ರುಮಾಲಿನ ಮಡಿಕೆ ಎಲ್ಲ ಅಪ್ಪನದೇ. ಕಣ್ಣುಗುಡ್ಡೆ ಮಾತ್ರ ನುಣ್ಣಗೆ, ಖಾಲಿ.

“ಕಣ್ಣೆಲ್ಲಿ ಸ್ವಾಮಿ?” ಎಂದು ಜೊತೆಗೆ ಬಂದಿದ್ದ ಶಿಲ್ಪಿಯನ್ನು ಕೇಳಿದೆ.

“ಅದೇ ಕಣಪ್ಪಾ ಕಣ್ಣು. ಈ ಪದ್ಧತೀಲಿ ಪಾಪೆ ಕೊರೆಯಲ್ಲ. ಬೆಳಕು ಬಿದ್ರೆ ನೋಟ ತಾನೇ ಬತ್ತದೆ.”

ನಮ್ಮ ಕಡೆ ದೇವರ ವಿಗ್ರಹಕ್ಕೆ ಕಣ್ಣು ಬಿಡಿಸುವುದು ಕೊನೆಯ ಕೆಲಸ. ಅಲ್ಲಿಯವರೆಗೆ ಅದು ಬರೀ ಕಲ್ಲು. ಅರ್ಧ ಕೆಲಸ ಮಾಡಿ, ಅಪ್ಪನನ್ನು ಕುರುಡನಾಗಿ ಕೂರಿಸಿ ನಮಗೆ ಟೋಪಿ ಹಾಕಿದ್ದಾರೆ ಅನ್ನಿಸಿತು.

“ಸುಮ್ನಿರೋ ಲೇ,” ಎಂದಳು ಅವ್ವ. “ಸಂಜೆ ಹೊತ್ತು ನೋಡು, ನನ್ನೇ ನೋಡ್ತಾರೆ.”

ಅವಳಿಗೂ ಮಂಕುಬೂದಿ ಎರಚಿದ್ದಾರೆ ಎಂದುಕೊಂಡೆ.

ತಾಲ್ಲೂಕಿನ ಅಮಲ್ದಾರರು ಆ ಮೂರ್ತಿ ನೋಡಲು ಬರುವವರಿದ್ದರು. ಮೆಚ್ಚಿದರೆ, ಊರಲ್ಲಿ ನಿಲ್ಲಿಸಲಿದ್ದ ಮಹಾರಾಜರ ಪ್ರತಿಮೆಯ ಕೆಲಸ ಶಿಲ್ಪಿಗೆ. ಅಂಥದೊಂದು ಕೆಲಸಕ್ಕಾಗಿಯೇ ಅವರು ಊರಿಗೆ ಮರಳಿ ಬಂದು ಕಾದಿದ್ದರು. ಹಿಂದಿನ ದಿನ ಅವ್ವ ಹಿರೇನಲ್ಲೂರಿನ ನೆಂಟರ ಮನೆಗೆ ಹೋಗಿದ್ದಳು. ದೇವರ ವಿಗ್ರಹ ಕೆತ್ತುವ ಆಚಾರಿಯನ್ನು ಕರೆಸಿ ನಾನು ಪಾಪೆ ಕೊರೆಸಿದೆ, ಮಸಿ ತುಂಬಿಸಿದೆ. ಅಪ್ಪ ಬೆಚ್ಚಿಬಿದ್ದವನಂತೆ ಕಣ್ಣು ಬಿಟ್ಟುಕೊಂಡ.

ಮರುದಿನ ಶಿಲ್ಪಿಯ ಜೊತೆ ಬಂದ ಅಮಲ್ದಾರರು ನೋಡಿ ನಕ್ಕುಬಿಟ್ಟರು. “ಏನ್ರೀ ಇದು, ಯಜಮಾನ್ರು ದೆವ್ವ ಕಂಡಂಗಿದಾರಲ್ಲ!”

ಶಿಲ್ಪಿ ನನ್ನ ಕಡೆ ನೋಡಿದರು. ನಾನೊಂದು ಮಾತು ಆಡಿದ್ದರೆ ಸಾಕಿತ್ತು. ಅದರ ಬದಲು ಅಮಲ್ದಾರರ ಜೊತೆ ಸೇರಿ ನಕ್ಕೆ. ಅಪ್ಪನನ್ನು ಕಳೆದುಕೊಂಡ ಹುಡುಗನೆಂದೋ ಏನೋ, ಶಿಲ್ಪಿ ನನ್ನನ್ನು ದೂರಲಿಲ್ಲ. ಅಂಗೈಯಿಂದ ಮೂರ್ತಿಯ ಕಣ್ಣು ಮುಚ್ಚಿ, ಉಳಿದ ಮುಖವನ್ನು ಸ್ವಲ್ಪ ಹೊತ್ತು ನೋಡಿ ಹೊರಟುಹೋದರು.

ಮಹಾರಾಜರ ಪ್ರತಿಮೆ ಬೇರೆಯವರ ಪಾಲಾಯಿತು. ಅಜ್ಜಂಪುರದ ಶೆಡ್ಡು ಮುಚ್ಚಿತು. ಆಮೇಲೆ ಅವರು ಕಡೂರಿನಲ್ಲಿ ಹೊಸ ಮನೆಗಳ ಕಂಬಗಳಿಗೆ ಗಾರೆಯ ಹೂಬಳ್ಳಿ ಮಾಡುತ್ತಾ ಮುದುಕರಾದರು. ಅವರಿದ್ದ ಬೀದಿಗೆ ನಾನು ಕಾಲಿಡುತ್ತಿರಲಿಲ್ಲ.

ನೆಂಟರ ಮನೆಯಿಂದ ಬಂದ ಅವ್ವ ಆ ಮಸಿಗಣ್ಣು ನೋಡಿದಳು. ಆಮೇಲೆ ಬದುಕಿರುವವರೆಗೂ, ಸಂಜೆ ಮೂರ್ತಿಯ ಮುಂದೆ ಕೂರುವ ಮೊದಲು, ಅದರ ಕಣ್ಣಿಗೊಂದು ಬಿಳಿ ಬಟ್ಟೆ ಕಟ್ಟುತ್ತಿದ್ದಳು.