ಶೋರ್‌ಲೈನಿನ ಮನೆಗೆ ತವರಿನ ಸಾಕ್ಷಿ

ಗಂಡನನ್ನು ಬಿಟ್ಟ ಮೇಲೆ ನಾನೂ ಮಗಳೂ ಅಮೆರಿಕದ ವುಡಿನ್‌ವಿಲ್‌ನಲ್ಲಿ ಮೈಸೂರಿನ ಗೆಳತಿಯೊಬ್ಬಳ ಮನೆಯ ಕೆಳಗಿನ ಕೋಣೆಯಲ್ಲಿದ್ದೆವು. ನನಗಿಂತ ದೊಡ್ಡವಳು, ಅಕ್ಕ ಎಂದೇ ಕರೆಯುತ್ತಿದ್ದೆ. ಅವಳು ಒಂದು ದಿನವೂ ಮುಖ ಸಿಂಡರಿಸಿದವಳಲ್ಲ. ಆದರೂ ಬೇರೆಯವರ ಅಡುಗೆಮನೆಯಲ್ಲಿ ಒಗ್ಗರಣೆ ಹಾಕಲು ಕೈ ಹಿಂಜರಿಯುತ್ತದೆ. ಮಗಳು ಜೋರಾಗಿ ನಕ್ಕರೂ ಗದರುತ್ತಿದ್ದೆ. ನನ್ನದೆನ್ನುವ ಒಂದು ಬಾಗಿಲು ಬೇಕಿತ್ತು, ಅಷ್ಟೇ.

ಹತ್ತಿರದ ಶೋರ್‌ಲೈನ್ ಊರಿನಲ್ಲಿ ಹೊಸ ಅಪಾರ್ಟ್‌ಮೆಂಟ್ ಏಳುತ್ತಿತ್ತು. ಕಟ್ಟುವವರಿಗೆ ಸರ್ಕಾರ ತೆರಿಗೆಯಲ್ಲಿ ರಿಯಾಯಿತಿ ಕೊಡುತ್ತದೆ. ಅದಕ್ಕೆ ಬದಲಾಗಿ ಅವರು ಕಡಿಮೆ ವರಮಾನದವರಿಗೆ ಕಡಿಮೆ ಬಾಡಿಗೆಗೆ ಮನೆ ಕೊಡಬೇಕು. ಡೇ ಕೇರ್‌ನಲ್ಲಿ ಮಕ್ಕಳ ಮೂಗು ಒರೆಸುವ ನನ್ನ ಸಂಬಳ ಅವರ ವರಮಾನದ ಮಿತಿಯೊಳಗೆ ಹೇಗೋ ಕೂರುತ್ತಿತ್ತು. ರಜೆ ಇದ್ದಾಗ ಬಸ್ಸು ಹತ್ತಿ ಕಟ್ಟಡ ನೋಡಲೆಂದೇ ಹೋಗುತ್ತಿದ್ದೆ. ಇನ್ನೂ ಗಾಜು ಕೂರಿಸದ ಕಿಟಕಿಗಳಲ್ಲಿ ನನ್ನದು ಯಾವುದಿರಬಹುದೆಂದು ಆರಿಸುತ್ತಾ ಮಳೆಯಲ್ಲಿ ನಿಂತಿರುತ್ತಿದ್ದೆ. ಹುಚ್ಚು, ಇನ್ನೇನು.

ಅರ್ಜಿ ಹಾಕಿ ಕಾದಿದ್ದೆ, ಕೊನೆಗೂ ನನ್ನ ಸರದಿ ಬಂತು. ಅಕ್ಕನೇ ಕಾರಿನಲ್ಲಿ ಕರೆದುಕೊಂಡು ಹೋಗಿ ಪಕ್ಕದಲ್ಲಿ ಕೂತಳು. ಅಲ್ಲಿನ ಮ್ಯಾನೇಜರ್ ಹೆಂಗಸು ಎಲ್ಲ ವಿಚಾರಿಸಿ, ಊರಿನಿಂದ ಯಾರಾದರೂ ಪ್ರತಿ ತಿಂಗಳು ಸಹಾಯ ಮಾಡುತ್ತಾರೆಯೇ ಎಂದು ಕೇಳಿದಳು. ಅಣ್ಣ ತಪ್ಪದೆ ಕಳಿಸುತ್ತಾನೆ ಎಂದುಬಿಟ್ಟೆ. ಎಷ್ಟೆಂದು ಕೇಳಿದ್ದಕ್ಕೆ, ಅದನ್ನೂ ಧಾರಾಳವಾಗಿಯೇ ಹೇಳಿದೆ. ಶುದ್ಧ ಸುಳ್ಳು. ನಾನು ಗಂಡನನ್ನು ಬಿಟ್ಟಾಗಿನಿಂದ ಅಣ್ಣ ಒಂದು ಫೋನನ್ನೂ ಮಾಡಿರಲಿಲ್ಲ. ಆದರೆ ನಮ್ಮೂರಿನವಳಾದ ಅಕ್ಕನ ಎದುರು ಕೂತು ನನಗೆ ತವರಿಲ್ಲ ಎಂದು ಹೇಗೆ ಹೇಳಲಿ? ನಮ್ಮಲ್ಲಿ ಯಾವ ಹೆಣ್ಣಿಗೆ ಆ ಬಾಯಿ ಬಂದೀತು? ಮ್ಯಾನೇಜರ್ ಪೆನ್ನು ಕೆಳಗಿಟ್ಟಳು. ಅದನ್ನೂ ವರಮಾನಕ್ಕೆ ಸೇರಿಸಬೇಕು, ಸೇರಿಸಿದರೆ ಮಿತಿ ದಾಟುತ್ತದೆ, ಮನೆ ಕೊಡಲಾಗುವುದಿಲ್ಲ ಎಂದಳು.

ಕಾರಿನಲ್ಲಿ ಅಳುತ್ತಾ ಅಕ್ಕನಿಗೆ ನಿಜ ಹೇಳಿದೆ. ಅವಳು ಚೆನ್ನಾಗಿ ಬೈದು, ಕಾರು ತಿರುಗಿಸಿ, ಮತ್ತೆ ಅಲ್ಲಿಗೇ ಕರೆದೊಯ್ದು ಅದನ್ನೇ ಹೇಳಿಸಿದಳು. ನನ್ನ ಬಾಯಿಮಾತು ಸಾಲದಂತೆ. ಏನೂ ಕಳಿಸುವುದಿಲ್ಲವೆಂದು ಅಣ್ಣನೇ ಬರೆದುಕೊಡಬೇಕಂತೆ.

ನಾಚಿಕೆ ಬಿಟ್ಟು ಮೈಸೂರಿಗೆ ಫೋನ್ ಮಾಡಿದೆ. ಹಿಂದೆ ಕುಕ್ಕರ್ ಕೂಗುತ್ತಿತ್ತು. ಅಣ್ಣ ನನ್ನ ಕಥೆಯೆಲ್ಲ ಕೇಳಿದ.

"ಸುಳ್ಳು ಯಾಕಾಗ್ಬೇಕು? ಈ ತಿಂಗಳಿಂದ ಕಳಿಸ್ತೀನಿ ಕಣೇ. ನೀನು ಹೇಳಿದ್ದನ್ನೇ ನಿಜ ಮಾಡೋಣ," ಅಂದ.

ಸೂಟ್‌ಕೇಸ್ ಎಳೆದುಕೊಂಡು ಗಂಡನ ಮನೆಯಿಂದ ಹೊರಬಿದ್ದ ದಿನದಿಂದ ಈ ಮಾತಿಗೇ ಕಾದಿದ್ದೆ. ಬಂದರೆ ಈ ಹಾಳು ಹೊತ್ತಿನಲ್ಲೇ ಬರಬೇಕೇ ಅದು.

"ಬೇಡ ಅಣ್ಣ. ಏನೂ ಕಳಿಸ್ಬೇಡ. ಕಳಿಸಲ್ಲ ಅಂತ ಬರ್ಕೊಡು, ಸಾಕು," ಎಂದೆ.

ಬರೆದುಕೊಟ್ಟ. ತಂಗಿಗೆ ಇದುವರೆಗೆ ಏನೂ ಕೊಟ್ಟಿಲ್ಲ, ಮುಂದೆಯೂ ಕೊಡುವುದಿಲ್ಲ ಎಂದು, ಕೆಳಗೆ ಸಹಿ. ಮ್ಯಾನೇಜರ್ ಓದಿ, ಮುಖವರಳಿಸಿ, ನನ್ನ ಕೈ ಕುಲುಕಿದಳು. ಹೊಸ ಮನೆಯಲ್ಲಿ ಮಗಳು ಕೋಣೆಯಿಂದ ಕೋಣೆಗೆ ಕುಣಿದಳು. ನಾನು ಬಚ್ಚಲಲ್ಲಿ ನಲ್ಲಿ ತಿರುಗಿಸಿಟ್ಟು ಅತ್ತೆ.

ಅಣ್ಣ ನೊಂದುಕೊಂಡನೋ ಏನೋ, ಆಮೇಲೆ ತಾನಾಗಿ ಫೋನ್ ಮಾಡಲಿಲ್ಲ. ಆದರೆ ಆ ಮನೆಯಲ್ಲಿ ಇರುವವರ ವರಮಾನವನ್ನು ವರ್ಷಕ್ಕೊಮ್ಮೆ ಮತ್ತೆ ನೋಡುತ್ತಿದ್ದರು. ಆಗೆಲ್ಲ ನಾನೇ ಫೋನ್ ಮಾಡಿ, ಏನೂ ಕಳಿಸುವುದಿಲ್ಲವೆಂದು ಅವನಿಂದ ಹೊಸದಾಗಿ ಬರೆಸಿಕೊಳ್ಳುತ್ತಿದ್ದೆ. ಅವನ ದನಿ ಕೇಳಲು ನನಗಿದ್ದ ನೆಪ ಅದೊಂದೇ.